ತಾತನಿಗೆ ಇಟ್ಟ ಎರಡು ಎಡೆ

ಹಿರಿಯರ ಹಬ್ಬದ ದಿನ ಎಡೆ ಇಟ್ಟ ಕೋಣೆಯ ಬಾಗಿಲು ಮುಚ್ಚಿ, ಮನೆಮಂದಿಯೆಲ್ಲ ಹೊರಗೆ ಸದ್ದಿಲ್ಲದೆ ನಿಲ್ಲುತ್ತಿದ್ದ ಕಾಲವನ್ನು ಕಂಡವರು ನಮ್ಮ ಕಡೆ ಇನ್ನೂ ಕೆಲವರಿದ್ದಾರೆ. ತೀರಿಹೋದವರು ಬಂದು ಉಂಡು ಹೋಗಲಿ ಎಂದು ಅಷ್ಟು ಹೊತ್ತು ಕೋಣೆಯನ್ನು ಅವರಿಗೇ ಬಿಡುತ್ತಿದ್ದೆವು. ಆ ಮುಚ್ಚಿದ ಬಾಗಿಲಿನ ಒಳಗೆ ಒಮ್ಮೆ ನಾನಿದ್ದೆ.

ಆಗ ನಾವಿದ್ದದ್ದು ಸಿರುಗುಪ್ಪದ ಹತ್ತಿರ ದೇಶನೂರಿನಲ್ಲಿ. ಕಾಲುವೆಯ ನೀರು ಬಂದು ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗಿದ್ದವು. ರೊಟ್ಟಿ ತಿಂದು ಬೆಳೆದ ಅಜ್ಜಿಗೆ ಹೊತ್ತು ಹೊತ್ತಿಗೂ ಬಿಳಿ ಅನ್ನ ಉಣ್ಣುವುದೇ ಒಂದು ದೊಡ್ಡಸ್ತಿಕೆ. ಅದರ ಮೇಲೆ ಎಮ್ಮೆ ತುಪ್ಪ. ತಾತ ಹೋದ ಮೇಲಂತೂ ಅವಳು ದುಃಖಕ್ಕೂ ಉಂಡಳು, ಬೇಸರಕ್ಕೂ ಉಂಡಳು. ಮೈ ಭಾರವಾಯಿತು. ಕಾಲು ಜೋಮು ಹಿಡಿಯತೊಡಗಿತು. ಅಪ್ಪ ಬಳ್ಳಾರಿಗೆ ಕರೆದುಕೊಂಡು ಹೋದ. ನಾನೂ ಬೆನ್ನು ಹತ್ತಿದೆ. ಸಕ್ಕರೆ ಕಾಯಿಲೆ ಎಂದರು.

ಆ ಡಾಕ್ಟರು ಕಡಿಮೆ ತಿನ್ನು ಎನ್ನಲಿಲ್ಲ. "ಹೊಟ್ಟಿ ತುಂಬ ಉಣ್ಣಮ್ಮಾ. ಆದ್ರ ಮೊದಲು ಸೌತಿಕಾಯಿ, ಸೊಪ್ಪು, ನೀರು ಮಜ್ಜಿಗಿ. ಅನ್ನ ಕೊನಿಗೆ, ಒಂದು ಹಿಡಿ. ತುಪ್ಪ ಹಚ್ಚಿದ ಎರಡು ಹೋಳಿಗ್ಯಾಗ ಇರೋ ಕಸುವು ಒಂದು ಪುಟ್ಟಿ ತುಂಬಿದ ಸೌತಿಕಾಯಾಗ ಐತಿ. ಹೋಳಿಗಿ ಬಾಯಿಗೂ ಸಾಲಂಗಿಲ್ಲ, ಪುಟ್ಟಿ ತಿಂದು ಮುಗಿಸಾಕ ಆಗಂಗಿಲ್ಲ. ನಿನ್ನ ಮೈಗೆ ಯಾವುದು ಹಗುರ, ನೀನ ಹೇಳು."

"ಪುಟ್ಟಿಗಟ್ಟಲೆ ಹಸರು ಮೇಯಾಕ ನಾನೇನು ಎಮ್ಮಿ ಏನಪ್ಪಾ?" ಎಂದಳು ಅಜ್ಜಿ. ಡಾಕ್ಟರೂ ನಕ್ಕುಬಿಟ್ಟರು.

ಮನೆಯಲ್ಲಿ ನಗು ಉಳಿಯಲಿಲ್ಲ. ಅವ್ವ ಅಜ್ಜಿಗೆ ಬೇರೆ ಅಡಿಗೆ ಮಾಡತೊಡಗಿದಳು: ಸೌತೆಕಾಯಿ ಹೆಚ್ಚಿ ಹಾಕಿದ ಹೆಸರುಬೇಳೆ ಕೋಸಂಬರಿ, ಎಣ್ಣೆ ತೋರಿಸಿದಷ್ಟೇ ಹಾಕಿದ ಮೆಂತ್ಯ ಪಲ್ಯ, ಮಜ್ಜಿಗೆಯಲ್ಲಿ ಕಲಸಿದ ಜೋಳದ ನುಚ್ಚು. ಅಜ್ಜಿ ತಟ್ಟೆಯನ್ನು ಕೈಯಿಂದ ದೂರ ತಳ್ಳುವಳು.

"ಉಣ್ರಿ ಅತ್ತಿ. ಮಾವ ಇದ್ದಿದ್ರ ಅವರೂ ಇದನ್ನ ಉಣ್ಣು ಅಂತಿದ್ರು."

"ಅಂತಿದ್ರೋ ಇಲ್ಲೋ, ಅವರನ್ನ ಕೇಳೋಣು. ಹಬ್ಬದ ಅಮಾಸಿ ದಿನ ಎರಡೂ ಎಡಿ ಇಡು. ಅವರು ಯಾವುದು ಮುಟ್ತಾರೋ, ನಾ ಸಾಯೋತನ ಅದನ್ನ ಉಣ್ತೀನಿ."

ಎಡೆಯ ಮೇಲೆ ಒಂದು ಅಗುಳು ಅಲುಗಿದ್ದರೂ ಹಿರಿಯರು ಮುಟ್ಟಿದರು ಎಂದು ನಂಬುವ ಮನೆ ನಮ್ಮದು. ಬೇರೆ ದಾರಿ ಕಾಣದೆ ಅವ್ವ "ಆಗ್ಲಿ" ಎಂದಳು.

ಹಬ್ಬಕ್ಕೆ ಕುರುಗೋಡಿನಿಂದ ನನ್ನ ಸೋದರತ್ತೆ ಬಂದಳು. ಕಿಟಕಿಯಿಲ್ಲದ ಕಾಳಿನ ಕೋಣೆಯಲ್ಲಿ ಮಣೆಯ ಮೇಲೆ ತಾತನ ಧೋತರ, ರುಮಾಲು. ಮುಂದೆ ಎರಡು ಬಾಳೆಲೆ. ಒಂದರಲ್ಲಿ ಅನ್ನ, ಹೋಳಿಗೆ, ತುಪ್ಪ. ಇನ್ನೊಂದರಲ್ಲಿ ಕೋಸಂಬರಿ, ಪಲ್ಯ, ನುಚ್ಚು. ಹಿರಿಯರು ಉಣ್ಣುವ ತನಕ ಮಕ್ಕಳಿಗೂ ಏನೂ ಇಲ್ಲ. ಅಜ್ಜಿಯ ಮಾತು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಬೆಳಗಿನಿಂದ ಬೆಲ್ಲ ಬೇಯುವ ವಾಸನೆಯಲ್ಲಿ ಅಲೆದ ಹೊಟ್ಟೆಗೆ ಅದು ಗೊತ್ತಿರಲಿಲ್ಲ. ಎಲ್ಲರೂ ಕೈಮುಗಿಯುವಾಗ ನಾನು ಭತ್ತದ ಚೀಲಗಳ ಹಿಂದೆ ಕೂತೆ.

ಬಾಗಿಲು ಮುಚ್ಚಿತು. ನಡುಮಧ್ಯಾಹ್ನ ಕತ್ತಲಾಯಿತು. ದೀಪದ ಬೆಳಕು ರುಮಾಲಿನ ಮೇಲಷ್ಟೇ ಬಿದ್ದಿತ್ತು. ಲೋಬಾನದ ಹೊಗೆಗೆ ಕಣ್ಣು ಉರಿಯುತ್ತಿತ್ತು. ತೆವಳಿ ಹೋಗಿ, ಹೋಳಿಗೆಯ ಅಂಚು ಮುರಿದು ಬಾಯಿಗೆ ಹಾಕಿಕೊಂಡು, ಚೀಲದ ಹಿಂದಕ್ಕೆ ಓಡಿದೆ. ಅದು ಇನ್ನೂ ಗಂಟಲಲ್ಲಿ ಇಳಿದಿರಲಿಲ್ಲ.

ಸದ್ದು ಕೇಳಿಸಿತು. ಸೌತೆಕಾಯಿ ಅಗಿಯುವ ಸದ್ದು. ಅವಸರವಿಲ್ಲದೆ, ಒಂದೇ ದವಡೆಯಲ್ಲಿ. ತಾತನಿಗೆ ಎಡಗಡೆ ಹಲ್ಲಿರಲಿಲ್ಲ, ಹೀಗೇ ಅಗಿಯುತ್ತಿದ್ದ. ನಾನು ನೋಡಲಿಲ್ಲ. ಮುಖವನ್ನು ಚೀಲಕ್ಕೆ ಒತ್ತಿಕೊಂಡೆ. ಸದ್ದು ನಿಂತಿತು. ಮತ್ತೆ ಶುರುವಾಯಿತು. ಆಮೇಲೆ ಹೊರಗೆ ಅಪ್ಪ ಕೆಮ್ಮಿದ, ಬಾಗಿಲ ಅಗುಳಿ ಸರಿಯಿತು.

ಬೆಳಕಿನ ಜೊತೆ ಎಲ್ಲರೂ ಒಳಗೆ ನುಗ್ಗಿದರು. ನಾನು ಅವರ ಕಾಲುಗಳ ನಡುವೆ ಸೇರಿಕೊಂಡೆ.

"ಅಪ್ಪ ಹೋಳಿಗಿ ಮುಟ್ಯಾನವ್ವಾ! ನೋಡಿಲ್ಲಿ, ಮುರದಾನ!" ಎಂದು ಸೋದರತ್ತೆ ಕೂಗಿಕೊಂಡಳು. ಅಜ್ಜಿ ಗಳಗಳ ಅತ್ತಳು. ಅತ್ತು, ನಗುತ್ತ, ಅವ್ವನ ಕಡೆ ತಿರುಗಿದಳು. "ಕೇಳಿದೇನು? ಇನ್ನ ನನ್ನ ತಟ್ಟಿಗೆ ಹುಲ್ಲು ಹಾಕಬ್ಯಾಡ."

ಎಲ್ಲರ ಕಣ್ಣೂ ಹೋಳಿಗೆಯ ಮೇಲಿತ್ತು. ನಾನೊಬ್ಬ ಇನ್ನೊಂದು ಎಲೆಯನ್ನು ನೋಡಿದೆ. ಅವ್ವ ಗುಡ್ಡೆ ಮಾಡಿ ಬಡಿಸಿದ್ದ ಕೋಸಂಬರಿಯ ನಡುವೆ ಒಂದು ಕುಳಿಯಿತ್ತು, ದೊಡ್ಡ ಕೈ ಹಿಡಿಯಷ್ಟು. ಅದನ್ನು ನಾನು ಮುಟ್ಟಿರಲಿಲ್ಲ.

ಬಾಯಿ ಬಿಟ್ಟರೆ ಕಳ್ಳತನ ಹೊರಬೀಳುತ್ತಿತ್ತು. ಅಪ್ಪನ ಕೈಯ ಪೆಟ್ಟು ನೆನೆದು ಸುಮ್ಮನಾದೆ. ಅವ್ವ ತಲೆ ತಗ್ಗಿಸಿ ಆ ಎಲೆಯನ್ನು ಎತ್ತಿ ದನಕ್ಕೆ ಹಾಕಿಬಿಟ್ಟಳು.

ಅಜ್ಜಿ ಮಾತಿಗೆ ತಪ್ಪಲಿಲ್ಲ. ಗಂಡನೇ ಹೇಳಿದ ಮೇಲೆ ಅವಳಿಗೆ ಡಾಕ್ಟರು ಯಾರು? ನನಗೂ ತನ್ನ ತಟ್ಟೆಯಿಂದ ತುತ್ತು ಕೊಡುವಳು. ನಾನು ತಿಂದೆ. ಗದ್ದೆ ಬದುವಿನಲ್ಲಿ ಅಜ್ಜಿಯ ಕಾಲಿಗೆ ಚುಚ್ಚಿದ ಒಂದು ಮುಳ್ಳು ಹುಣ್ಣಾಯಿತು, ಬೆರಳು ಕಪ್ಪಾಯಿತು, ಪಾದ ಕಪ್ಪಾಯಿತು. ಬಳ್ಳಾರಿ ಆಸ್ಪತ್ರೆಗೆ ಹೋಗುವ ಬಂಡಿ ಹತ್ತುವಾಗ, "ಅವರು ಕರಿಯಾಕ ಹತ್ಯಾರ, ಅದಕ್ಕ ಉಣ್ಣು ಅಂದಿದ್ರು," ಎಂದಳು. ಆಗಲೂ ನಾನು ಹೇಳಲಿಲ್ಲ. ಅವಳು ತಿರುಗಿ ಬರಲಿಲ್ಲ.

ಇಲಿ ಇದ್ದಿರಬಹುದು ಎಂದು ನನಗೆ ನಾನೇ ಹೇಳಿಕೊಂಡು ಅರವತ್ತು ದಾಟಿದೆ. ಇಲಿಗೆ ಒಂದೇ ದವಡೆಯಲ್ಲಿ ಅಗಿಯುವ ಅಭ್ಯಾಸವಿದೆಯೇ? ಗೊತ್ತಿಲ್ಲ. ಅಪ್ಪನೂ ಅವ್ವನೂ ಅತ್ತೆಯೂ ಈಗಿಲ್ಲ. ಕೇಳಿಸಿಕೊಂಡು ಬೈಯಬೇಕಾದವರು ಯಾರೂ ಉಳಿದಿಲ್ಲ.

ಈಗ ಬಳ್ಳಾರಿಯಲ್ಲಿ ಮಗನ ಮನೆಯಲ್ಲಿದ್ದೇನೆ. ನನಗೂ ಅದೇ ಕಾಯಿಲೆ. ಸೊಸೆ ಮೊದಲು ಸೌತೆಕಾಯಿ, ಸೊಪ್ಪು ಬಡಿಸುತ್ತಾಳೆ. ತಕರಾರಿಲ್ಲದೆ ಉಣ್ಣುತ್ತೇನೆ, ಮಾವ ಬಹಳ ಶಿಸ್ತಿನವರು ಎಂದು ಬೀಗರ ಮುಂದೆ ಹೊಗಳುತ್ತಾಳೆ. ಹೊಗಳಿಕೆ ತಡೆಯಲಾಗದೆ ಈ ಸಲ ಹಬ್ಬದ ಮುಂಚೆ ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. ಕೈಯಲ್ಲಿನ ಸೌಟನ್ನು ಕೆಳಗಿಟ್ಟು, "ಹಂಗಾದ್ರ ಈ ವರ್ಷ ಅಜ್ಜಿ ಎಡಿಗೆ ಏನು ಇಡಲಿ ಮಾವ?" ಎಂದಳು.

ಅಜ್ಜಿಗೆ ಇಷ್ಟವಾದದ್ದನ್ನು ಇಡು ಎಂದರೆ ನಾನು ಅವಳನ್ನು ಎರಡನೆಯ ಸಲ ಕೊಂದ ಹಾಗೆ. ಅವಳ ಜೀವ ಉಳಿಸುತ್ತಿದ್ದುದನ್ನು ಇಡು ಎಂದರೆ, ಇನ್ನು ಉಳಿಯಲು ಅಲ್ಲಿ ಯಾರಿದ್ದಾರೆ? ಸೊಸೆ ಇನ್ನೂ ಕಾಯುತ್ತಿದ್ದಳು. ನನ್ನ ಬಾಯಿ ಆ ದಿನದ ಹಾಗೆಯೇ ಮುಚ್ಚಿಕೊಂಡಿತ್ತು.