‘ಬರ್ತೇನಿ’ ಎಂಬ ಬಟನ್

ಮೊನ್ನೆ ನಲ್ಲಿಗೆ ವಾಷರ್ ತರಲು ಅಂಗಡಿಗೆ ಹೋಗಿದ್ದೆ. ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು ನೋಡಿ, ಯರಗಟ್ಟಿಯ ನೀಲಕ್ಕ ನೆನಪಾದರು.

ಇಪ್ಪತ್ತು ವರ್ಷಗಳ ಮೇಲಾಯಿತು. ಆಗ ನಾನು ಬೈಲಹೊಂಗಲದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಕಲಿಯುವವರಿಗಿಂತ ಒಂದು ಪಾಠ ಮುಂದಿದ್ದೆ, ಅಷ್ಟೇ. ಗಂಡ ತೀರಿಕೊಂಡ ಮೇಲೆ ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿಯನ್ನು ನೀಲಕ್ಕನೇ ನಡೆಸುತ್ತಿದ್ದರು. ಯಾವ ಸಾಮಾನು ಯಾವ ಕಪಾಟಿನಲ್ಲಿದೆ ಎಂದು ತೋರಿಸುವ ಪ್ರೋಗ್ರಾಮ್ ಬೇಕೆಂದು ನನ್ನನ್ನು ಕರೆಸಿದ್ದು ಅವರ ಮೈದುನ.

“ವೈನಿ, ಇನ್ನ ಮನ್ಯಾಗ ಆರಾಮ ಇರ್ರಿ. ಈ ಇಂಗ್ಲಿಷ್ ನಿಮಗೆಲ್ಲಿ ತಿಳೀತೈತಿ? ಗಲ್ಲಾದ ಮ್ಯಾಲ ನನ್ನ ಮಗ ಕುಂಡರತಾನ,” ಎಂದು ಅವರು ಅತ್ತಿಗೆಗೆ ಹೇಳಿದರು. ನೀಲಕ್ಕ ಕುರ್ಚಿ ಬಿಟ್ಟು ಏಳಲಿಲ್ಲ.

ನನ್ನ ತಲೆಯಲ್ಲಿ ಬೇರೆಯೇ ಜಗ್ಗಾಟ. ಪ್ರೋಗ್ರಾಮ್ ಬರೆಯುವ ಭಾಷೆಗಳಲ್ಲಿ ಫಾಕ್ಸ್‌ಪ್ರೊ ನನಗೆ ಕರಗತ: ಕಪ್ಪು ಪರದೆ, ಚಕಚಕ ಕೆಲಸ. ವಿಷುವಲ್ ಬೇಸಿಕ್ ಅರೆಬರೆ ಗೊತ್ತು; ಅದರಲ್ಲಿ ಪರದೆಯ ಮೇಲೆ ಬಟನ್ ಕೂರಿಸಬಹುದು, ಒತ್ತಿದರೆ ಕೆಲಸ ಆಗುತ್ತದೆ.

“ಯಾವ ಭಾಷಾದಾಗ ಮಾಡಬೇಕಂತ ವಿಚಾರ ನಡದೈತ್ರಿ,” ಎಂದೆ, ಸ್ವಲ್ಪ ಜಂಬದಿಂದಲೇ.

“ಅದರಾಗೇನ ವಿಚಾರ್ರೀ? ಕನ್ನಡದಾಗ ಮಾಡ್ರಿ,” ಎಂದರು ನೀಲಕ್ಕ.

ನಗು ಬಂತು. ಆ ಭಾಷೆ ಬೇರೆ ಎಂದು ಹೇಳಲು ತೆರೆದ ಬಾಯಿ ಹಾಗೇ ಮುಚ್ಚಿದೆ. ನನ್ನ ಕಪ್ಪು ಪರದೆಯಲ್ಲಿ ಕನ್ನಡ ಮೂಡುವಂತಿರಲಿಲ್ಲ. ಬಟನ್ ಮೇಲಾದರೂ ಮೂಡುತ್ತದೆಯೇ ನೋಡೋಣ ಎಂಬ ಕುತೂಹಲ ಹತ್ತಿತು. ಹೀಗೆ, ಇಷ್ಟು ಓದಿದ ನನಗೆ ವಿಷುವಲ್ ಬೇಸಿಕ್ ಆರಿಸಿಕೊಟ್ಟವರು ಅದರ ಹೆಸರನ್ನೇ ಕೇಳದ ನೀಲಕ್ಕ. ಒತ್ತಕ್ಷರಗಳು ಎಲ್ಲೆಲ್ಲೋ ಹೋಗಿ ಕುಳಿತು ನನ್ನನ್ನು ಗೋಳುಹೊಯ್ದುಕೊಂಡವು. ಆದರೂ ‘ಹುಡುಕು’, ‘ಸೇರಿಸು’ ಎಂದೆಲ್ಲ ಮೂಡಿದಾಗ ಆದ ಸಂತೋಷ ಹೇಳತೀರದು.

ಕೆಲಸ ಮುಗಿಸುವ ಬಟನ್‌ಗೆ ‘ಹೋಗು’ ಎಂದು ಬರೆದಿದ್ದೆ. ನೀಲಕ್ಕ ಎಲ್ಲವನ್ನೂ ಒತ್ತಿದರು, ಅದೊಂದನ್ನು ಬಿಟ್ಟು.

“ಅಂಗಡ್ಯಾಗ ಕುಂತು ‘ಹೋಗು’ ಅಂತಾರೇನ್ರೀ? ಬರ್ತೇನಿ ಅನ್ನಬೇಕು.”

ಹೌದಲ್ಲ! ಮನೆ ಬಿಡುವಾಗ ನಾನೂ ‘ಹೋಗ್ತೇನಿ’ ಎಂದವನಲ್ಲ. ಅಲ್ಲೇ ಕೂತು ತಿದ್ದಿದೆ.

ಸಂಜೆ ಮೈದುನ ಬಂದು, ಪರೀಕ್ಷೆಗೆಂದೇ, ಫುಟ್‌ವಾಲ್ವ್ ಎಲ್ಲಿದೆ ಎಂದು ಕೇಳಿದರು. ನೀಲಕ್ಕ ಬಟನ್ ಒತ್ತಿದರು, ಪರದೆ ಓದಿದರು, ಕಪಾಟಿನತ್ತ ಕೈ ತೋರಿಸಿದರು. ಆಮೇಲೆ ‘ಬರ್ತೇನಿ’ ಒತ್ತಿ, ಅಂಗಡಿಯ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು.

“ಹುಡುಗನ್ನ ಕಾಲೇಜಿಗಿ ಕಳಸ್ರಿ. ನಾಳಿ ನಾನ ಬರ್ತೇನಿ.”

ಯಾವ ಭಾಷೆ ಒಳ್ಳೆಯದೆಂದು ಹುಡುಗರು ಈಗಲೂ ನನ್ನನ್ನು ಕೇಳುತ್ತಾರೆ. ಕುರ್ಚಿಯ ಮೇಲೆ ಕೂಡುವವರು ಯಾರೆಂದು ನಾನು ತಿರುಗಿ ಕೇಳುತ್ತೇನೆ.