ಉಭಾ ಅಲ್ಲ, ಉಭೀ

ಕನ್ನಡದಲ್ಲಿ ‘ನಾ ಬರ್ತೀನಿ’ ಅಂದರೆ ಹೇಳಿದವರು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಮರಾಠಿಯಲ್ಲಿ ಗಂಡಸು ‘ಯೇತೋ’ ಅನ್ನಬೇಕು, ಹೆಂಗಸು ‘ಯೇತೇ’. ಪುಣೆ ಕ್ಯಾಂಪಿನಲ್ಲಿ ಎರಡೂ ಭಾಷೆಯಲ್ಲಿ ಸೀರೆ ಮಾರುತ್ತಲೇ ತಲೆ ನರೆತರೂ ನನಗಿದು ಹೊಳೆದದ್ದು ಧಾರವಾಡದಿಂದ ಬಂದಿದ್ದ ಒಬ್ಬ ಅರ್ಥಶಾಸ್ತ್ರದ ಪ್ರಾಧ್ಯಾಪಕರಿಂದ. ಈಗ ಅವರು ಬೇರೆ ಊರಿನಲ್ಲಿದ್ದಾರೆ. ಅಂಗಡಿಯಲ್ಲಿ ಧಾರವಾಡದ ಮಾತು ಕೇಳದೆ ಎಷ್ಟೋ ದಿನಗಳಾದವು.

ಮೊದಲ ಸಲ ಪ್ಯಾಂಟು-ಶರ್ಟಿನಲ್ಲಿ ಬಂದು, ತಂಗಿಗೆಂದು ಇಳಕಲ್ ಸೀರೆ ಕೊಂಡರು. ಚೌಕಾಶಿ ಮಾಡಲಿಲ್ಲ. ತಂಗಿಗೆ ಕೊಳ್ಳುವ ಅಣ್ಣ ಹಗ್ಗಜಗ್ಗಾಡದೆ ಬಿಡುವುದಿಲ್ಲ. ಆಸೆಪಟ್ಟು ತನಗೇ ಕೊಳ್ಳುವವರು ಸುಮ್ಮನಿರುತ್ತಾರೆ. ನಾನೂ ಏನೂ ಕೇಳದೆ ಕಟ್ಟಿಕೊಟ್ಟೆ. ಕೆಲವು ವರ್ಷಗಳ ಮೇಲೆ, ತಾನು ಹೆಣ್ಣೇ ಎಂದು ಮನೆಗೂ ಕಾಲೇಜಿಗೂ ಹೇಳಿ, ಅದೇ ಸೀರೆ ಉಟ್ಟು ಬಂದರು. ‘ಬರ್ರಿ ಅಕ್ಕಾರ’ ಅಂದೆ. ಅವತ್ತು ಎರಡು ಕಪ್ಪು ಚಹಾ ಕುಡಿದು ಹೋದರು.

ನಗರಪಾಲಿಕೆ ಚುನಾವಣೆಗೆ ಅವರು ಪಕ್ಷೇತರರಾಗಿ ನಿಂತಾಗ ಸಲಹೆ ಕೊಡದಿರಲು ನನ್ನಿಂದಾಗುತ್ತದೆಯೇ? ಮರಾಠಿಯಲ್ಲಿ ‘ನಿಂತಿದ್ದೇನೆ’ ಅನ್ನಲು ಗಂಡಸಾದರೆ ಉಭಾ, ಹೆಂಗಸಾದರೆ ಉಭೀ. ಮೊದಲ ಸಭೆಯಲ್ಲೇ ಇವರ ಬಾಯಲ್ಲಿ ‘ಉಭೀ’ ಕೇಳಿ ಜನ ನಕ್ಕರೆ ಮುಗಿಯಿತು, ಆಮೇಲೆ ಯಾರೂ ಕಿವಿಗೊಡುವುದಿಲ್ಲ.

“ಪುಢಾರಿಗಳ ಹಾಂಗ ‘ಆಮ್ಹಿ’ ಅನ್ರಿ. ಆಮ್ಹಿ ಕರತೋ, ಆಮ್ಹಿ ಯೇತೋ. ‘ನಾವು’ ಅಂದ್ರ ಗಂಡು-ಹೆಣ್ಣು ಗೊತ್ತಾಗೂದಿಲ್ಲ,” ಅಂದೆ.

“ಅಣ್ಣಾರ, ಸೀರಿ ಬಿಚ್ಚಿ ತೋರಸದ ಮಾರ್ತೀರೇನ್ರಿ ನೀವು?” ಅಂದರು.

ಸಭೆ ಕಾತ್ರಜದ ಕಾಯಿಪಲ್ಲೆ ಮಾರುಕಟ್ಟೆಯ ಎದುರಿಗೆ. ಪರಿಚಯ ಮಾಡಿಸಲು ಎದ್ದವನು ನಾನೇ. ಬುದ್ಧಿ ಹೇಳಿದ ನಾಲಗೆಯೇ ಜಾರಿತು: ‘ಆಮಚೇ ಸರ್’, ನಮ್ಮ ಸರ್, ಅಂದುಬಿಟ್ಟೆ. ಹಿಂದಿನ ಸಾಲಿನವರು ನಕ್ಕರು, ಒಬ್ಬ ಸೀಟಿ ಹೊಡೆದ. ಅವರು ನನ್ನ ಕೈಯಿಂದ ಮೈಕು ತೆಗೆದುಕೊಂಡು, ಅವಸರವಿಲ್ಲದೆ ಹೇಳಿದರು: “ಮೀ ಉಭೀ ಆಹೇ.”

ನಗೆ ಇನ್ನೂ ನಿಂತಿರಲಿಲ್ಲ. ಕೊತ್ತಂಬರಿ ಮಾರುವ ಮುದುಕಿಯೊಬ್ಬಳು ನಗುವವರತ್ತ ತಿರುಗಿ ಗದರಿದಳು. ಆಮೇಲೆ ಅಕ್ಕಾರಿಗೆ, ನಿಂತಿರುವುದು ಕಾಣುತ್ತದೆ ತಾಯಿ, ಉಳ್ಳಾಗಡ್ಡಿ ದರದ ಮಾತು ಹೇಳು ಅಂದಳು. ರೈತನಿಗೆ ಕಡಿಮೆ, ಕೊಳ್ಳುವವನಿಗೆ ಜಾಸ್ತಿ ಯಾಕೆ ಬೀಳುತ್ತದೆಂದು ಅವರು ಒಂದು ಉಳ್ಳಾಗಡ್ಡಿ ಬುಟ್ಟಿ ಮುಂದಿಟ್ಟುಕೊಂಡು ಬಿಡಿಸಿ ಹೇಳಿದರು. ಯಾರೂ ಎದ್ದು ಹೋಗಲಿಲ್ಲ.

ಚುನಾವಣೆಯಲ್ಲಿ ಸೋತರು. ಮರುದಿನ ಮಾರುಕಟ್ಟೆಯವರಿಗೆ ಕೈಮುಗಿಯಲು ಹೊರಟಾಗ ನಾನೂ ಜೊತೆಗಿದ್ದೆ. ಮುದುಕಿ ತನ್ನ ಗೋಣಿಚೀಲದ ಮೇಲಿನ ಸೊಪ್ಪನ್ನು ಆಚೆ ಸರಿಸಿ ಜಾಗ ಮಾಡಿದಳು.

“ಉಭೀ ರಾಹೂನ ದಮಲೀಸ, ಬಸ,” ಅಂದಳು. ನಿಂತು ನಿಂತು ದಣಿದಿದ್ದೀಯ, ಕೂಡು.

ಅಕ್ಕಾರು ಕೂತರು. ನಗೆಗೂ ಸೋಲಿಗೂ ಬಾರದ ಅಳು ಅವರಿಗೆ ಬಂದದ್ದು ಆಗಲೇ.