ಮೂಕವಾದ ಕಂಪ್ಯೂಟರಿಗೆ ಮಾತು ಕೊಡುವ ಬೀಪಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ಒಬ್ಬ ಹೆಂಗಸು ಮೇಜಿನ ಕೆಳಗೆ ಮಂಡಿಯೂರಿ ಕಂಪ್ಯೂಟರಿನ ಡಬ್ಬಕ್ಕೆ ಕಿವಿ ಹಚ್ಚಿದ್ದಾರೆ. ಸ್ವಿಚ್ ಒತ್ತುತ್ತಾರೆ, ಕಾಯುತ್ತಾರೆ. ಫ್ಯಾನು ತಿರುಗುವ ಸದ್ದು ಬಿಟ್ಟರೆ ಏನೂ ಇಲ್ಲ. ಆರಿಸಿ ಮತ್ತೆ ಒತ್ತುತ್ತಾರೆ. "ಹಾಳಾದೋರು, ಏನ್ ಮಾಡಿಟ್ಟು ಹೋಗಿದಾರೆ ಇದನ್ನ!" ಎಂದು ಏಳಲು ಹೋಗಿ ಮೇಜಿನ ಅಂಚಿಗೆ ತಲೆ ಬಡಿಸಿಕೊಳ್ಳುತ್ತಾರೆ. ಪತ್ರಿಕೆಯಿಂದ ಬಂದ ನನ್ನನ್ನು ಕಂಡು, "ಕೂತ್ಕೊಳ್ಳಿ ಮೇಡಂ. ಸಂದರ್ಶನ ಗಿಂದರ್ಶನ ಇವತ್ತು ಆಗಲ್ಲ," ಅನ್ನುತ್ತಾರೆ.

ಇವರನ್ನು ಇಲ್ಲಿ ಎಲ್ಲರೂ ಬೀಪಕ್ಕ ಅನ್ನುತ್ತಾರೆ. ಕಣ್ಣು ಕಾಣದ ಓದುಗರಿಗಾಗಿ ಇರುವ ಈ ಕೋಣೆಯನ್ನು ನೋಡಿಕೊಳ್ಳುವುದು ಅವರ ಕೆಲಸ. ನಾಲ್ಕು ಕಂಪ್ಯೂಟರು, ಒಂದು ಉದ್ದದ ಬೆಂಚು, ಹಿಡಿದು ನಡೆಯಲು ಗೋಡೆಯುದ್ದಕ್ಕೂ ಕಟ್ಟಿದ ಹಗ್ಗ. ಯಂತ್ರಗಳ ಮುಂದೆ ಪರದೆ ಇಲ್ಲ. ಇಲ್ಲಿ ನೋಡುವವರು ಯಾರು? ಯಂತ್ರ ಹೆಡ್‌ಫೋನಿನಲ್ಲಿ ಓದಿ ಹೇಳುತ್ತದೆ, ಅವರು ಕೇಳುತ್ತಾರೆ. ಬೀಪಕ್ಕನಿಗೆಂದು ಒಂದೇ ಒಂದು ಹಳೆಯ ಮಾನಿಟರಿದೆ. ಬೇಕಾದಾಗ ಅದನ್ನು ಬಟ್ಟೆಬುಟ್ಟಿಯ ಹಾಗೆ ಸೊಂಟಕ್ಕೇರಿಸಿಕೊಂಡು ಮೇಜಿನಿಂದ ಮೇಜಿಗೆ ಹೊತ್ತು ತಿರುಗುತ್ತಾರೆ.

ಈಗಲೂ ಹೊತ್ತು ತಂದು ಸಿಕ್ಕಿಸುತ್ತಾರೆ. ಪರದೆಯ ಮೇಲೆ ಅವರು ಕಂಡರಿಯದ ಒಂದು ಹೊಸ ವ್ಯವಸ್ಥೆ ಹಲ್ಲು ಕಿರಿದು ಸ್ವಾಗತ ಕೋರುತ್ತಿದೆ. ನಿನ್ನೆ ಮಧ್ಯಾಹ್ನದವರೆಗೂ ಈ ಯಂತ್ರಗಳಲ್ಲಿ ಇದ್ದದ್ದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್. ಬೀಪಕ್ಕನನ್ನು ಹಳೇ ಕಟ್ಟಡಕ್ಕೆ ಪುಸ್ತಕ ಎಣಿಸಲು ಕಳಿಸಿದ ಹೊತ್ತು ನೋಡಿ, ಕೇಂದ್ರ ಕಚೇರಿಯ ಗುತ್ತಿಗೆಯವನೊಬ್ಬ ಬಂದು ನಾಲ್ಕಕ್ಕೂ ಎರಡನೇ ಆಪರೇಟಿಂಗ್ ಸಿಸ್ಟಮ್ ಹಾಕಿ ಹೋಗಿದ್ದಾನೆ. ಎಲ್ಲಾ ಶಾಖೆಗಳ ಕಂಪ್ಯೂಟರೂ ಒಂದೇ ಥರ ಇರಬೇಕಂತೆ. ಮೇಲಿನಿಂದ ಆದೇಶವಂತೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಇವರು!

"ಕರೆಂಟ್ ಬಂದ ಕೂಡ್ಲೆ ಮೆಷಿನ್‌ನಲ್ಲಿ ಮೊದ್ಲು ಏಳೋದು ಬೂಟ್‌ಲೋಡರ್ ಅಂತ ಒಂದು ಚಿಕ್ಕ ಪ್ರೋಗ್ರಾಮು," ಎಂದು ಬೀಪಕ್ಕ ನನಗೆ ತಿಳಿಸುತ್ತಾರೆ, ಕಣ್ಣು ಪರದೆಯ ಮೇಲೇ ಇದೆ. "ಒಳಗೆ ಮಲಗಿರೋರಲ್ಲಿ ಯಾರನ್ನ ಎಬ್ಬಿಸ್ಬೇಕು ಅಂತ ಅದು ಕೇಳುತ್ತೆ, ನಾವು ಹೇಳ್ತೀವಿ. ಈ ಹೊಸಬ ಬಂದು ಬಾಗಿಲಿಗೆ ತನ್ನ ಆಳು ನಿಲ್ಲಿಸ್ಕೊಂಡ. ಆ ಆಳಿಗೆ ತನ್ನ ಯಜಮಾನ ಒಬ್ಬನೇ ಗೊತ್ತು. ಹಳಬರು ಒಳಗಿದ್ರೂ ಎಬ್ಬಿಸಲ್ಲ."

"ಒಳಗಿದ್ದಾರಾ ಹಳಬರು?" ಎಂದು ಕೇಳುತ್ತೇನೆ.

"ಅದೇ ನೋಡ್ಬೇಕು. ಒರೆಸಿ ಹಾಕಿದ್ರೆ ಮುಗೀತು ಕಥೆ."

ಮುಗಿಯಬಾರದು. ಯಾಕೆಂದರೆ ಇವತ್ತು ಬೆಳಿಗ್ಗೆ ಹತ್ತಕ್ಕೆ, ಬಾಗಿಲ ಪಕ್ಕದ ಇದೇ ಯಂತ್ರದಲ್ಲಿ, ಒಬ್ಬ ಹುಡುಗಿ ಕಾನೂನು ಪದವಿಯ ಕೊನೆಯ ಪರೀಕ್ಷೆ ಬರೆಯಬೇಕು.

ಬೀಪಕ್ಕ ಗುತ್ತಿಗೆಯವನಿಗೆ ಫೋನ್ ಹಚ್ಚುತ್ತಾರೆ. ನಿದ್ದೆಗಣ್ಣಿನಲ್ಲಿದ್ದ ಆತನ ಮಾತು ಸ್ಪೀಕರಿನಲ್ಲಿ ನನಗೂ ಕೇಳುತ್ತದೆ. "ಅಮ್ಮಾ, ನಿಮ್ಮ ಮೆಷಿನ್‌ಗಳಿಗೆ ಮಾನಿಟರೇ ಇರ್ಲಿಲ್ಲ. ಕೆಟ್ಟು ಮೂಲೆಗೆ ಹಾಕಿರೋವು ಅಂದ್ಕೊಂಡೆ. ಆನ್ ಮಾಡಿದ್ರೆ ಹೆಡ್‌ಫೋನ್‌ನಲ್ಲಿ ಏನೋ ಗೊಜಗೊಜ ಅಂತ ಅರಚ್ತಿತ್ತು. ವೈರಸ್ಸೇ ಇರ್ಬೇಕು ಅಂತ..." ಅದು ವೈರಸ್ಸಲ್ಲ ಪುಣ್ಯಾತ್ಮ, ಅದು ಓದು! ವರ್ಷಗಟ್ಟಲೆ ಕೇಳಿ ಪಳಗಿದ ಕಿವಿಗಳು ನಮ್ಮ ಮಾತಿಗಿಂತ ಎಷ್ಟೋ ಪಟ್ಟು ವೇಗದಲ್ಲಿ ಪುಸ್ತಕ ಕೇಳುತ್ತವೆ. ಪಕ್ಕದಲ್ಲಿ ಯಾರನ್ನಾದರೂ ಒಂದು ಮಾತು ಕೇಳಿದ್ದರೆ ತಿಳಿಯುತ್ತಿತ್ತು. ಕೇಳಲಿಲ್ಲ. "ಡಿಸ್ಕ್ ಪೂರ್ತಿ ಅಳಿಸಿದ್ಯೇನಪ್ಪಾ?" ಎಂದು ಬೀಪಕ್ಕ ಕೇಳಿದರೆ, "ಇಲ್ಲ ಅನ್ಸುತ್ತೆ, ಖಾಲಿ ಜಾಗ ಇತ್ತು, ಅಲ್ಲೇ ಹಾಕ್ದೆ," ಅನ್ನುತ್ತಾನೆ. ಅನ್ಸುತ್ತೆ ಅಂತೆ! ಬೀಪಕ್ಕ ಫೋನ್ ಇಡುತ್ತಾರೆ. ಆತನನ್ನು ಬೈಯಲೂ ನನಗೆ ಮನಸ್ಸಾಗುವುದಿಲ್ಲ. ಆತನೂ ಹೇಳಿದ್ದು ಮಾಡುವ ಆಳು. ಈ ಕೋಣೆ ಯಾರದ್ದು ಎಂದು ಅವನಿಗೆ ಹೇಳದೆ ಬೀಗದ ಕೈ ಕೊಟ್ಟವರಿದ್ದಾರಲ್ಲ, ಉರಿಯುವುದು ಅವರ ಮೇಲೆ.

ಬೀಪಕ್ಕ ಮೊದಲು ಟೈಪಿಂಗ್ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದರು. ಶಾಲೆ ಮುಚ್ಚಿತು. ಇಲ್ಲಿ ಸಹಾಯಕಿಯಾಗಿ ಸೇರಿದರು, ಅದೂ ಹಂಗಾಮಿ. ಸೇರಿದಾಗಿನಿಂದ ಹಂಗಾಮಿಯೇ, ಇವತ್ತಿಗೂ. ಗಂಡ ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಾರೆ. ಅತ್ತೆಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗುತ್ತ ಬಂದಾಗ, ಮನೆಯ ಹಳೇ ಕಂಪ್ಯೂಟರಿಗೆ ಓದುವ ಧ್ವನಿ ಹಾಕಿಕೊಡಲು ಹೋಗಿ ಈ ವಿದ್ಯೆ ಹತ್ತಿತು. ಕೆಡಿಸಿ ಕೆಡಿಸಿ ಕಲಿತದ್ದು. "ನಮ್ಮತ್ತೆ ಒಂದು ವಾರ ನನ್ ಜೊತೆ ಮಾತು ಬಿಟ್ಟಿದ್ರು," ಎಂದು ನಗುತ್ತಾರೆ. "ಅವರ ಫೋಟೋ ಎಲ್ಲಾ ಅಳಿಸಿ ಹಾಕ್ಬಿಟ್ಟಿದ್ದೆ. ಹೇಗಿದ್ರೂ ಕಾಣ್ತಿರ್ಲಿಲ್ಲ ಅಲ್ವಾ ಅತ್ತೆ ಅಂದೆ. ಅದಕ್ಕೆ ಇನ್ನೊಂದು ವಾರ ಸೇರ್ಕೊಂತು."

ಬೀಪಕ್ಕ ಎಂಬ ಹೆಸರು ಬಂದದ್ದೂ ಬೂಟ್‌ಲೋಡರಿನಿಂದಲೇ. ಯಂತ್ರ ಓದಿ ಹೇಳಲು ಶುರು ಮಾಡುವುದು ಲಿನಕ್ಸ್ ಪೂರ್ತಿ ಎದ್ದ ಮೇಲೆ. ಅದಕ್ಕೂ ಮುಂಚೆ ಬೂಟ್‌ಲೋಡರ್ ಯಾರನ್ನ ಎಬ್ಬಿಸಲಿ ಎಂದು ಪಟ್ಟಿ ತೋರಿಸುವಾಗ ಪೂರ್ತಿ ಮೌನ. ಪಟ್ಟಿ ಬಂತೋ ಇಲ್ಲವೋ ಕಣ್ಣಿಲ್ಲದವರಿಗೆ ತಿಳಿಯುವುದು ಹೇಗೆ? ಬೀಪಕ್ಕ ಪ್ರತಿ ಡಬ್ಬದೊಳಗೂ ಗುಂಡಿಯಷ್ಟು ಸ್ಪೀಕರ್ ಕೂರಿಸಿ, ಪಟ್ಟಿ ಬಂದ ಕೂಡಲೇ ಬೀಪ್ ಸ್ವರ ನುಡಿಯುವಂತೆ ಮಾಡಿದರು. ನಾಲ್ಕು ಯಂತ್ರಕ್ಕೆ ನಾಲ್ಕು ಬಗೆ, ಬಾಗಿಲ ಪಕ್ಕದ್ದಕ್ಕೆ ಮೂರು ಸ್ವರ. ಓದುಗರು ಸ್ವರ ಕೇಳಿ, ಬಾಣದ ಕೀಲಿಯನ್ನು ಬಾಯಿಪಾಠದ ಲೆಕ್ಕದಲ್ಲಿ ಒತ್ತಿ, ಓದುವ ಏರ್ಪಾಡೋ ಪರೀಕ್ಷೆಯ ಏರ್ಪಾಡೋ, ತಮಗೆ ಬೇಕಾದ್ದನ್ನು ಎಬ್ಬಿಸಿಕೊಳ್ಳುತ್ತಾರೆ. ಯಾರ ಸಹಾಯವೂ ಬೇಡ. ಇದನ್ನು ಹೊಂದಿಸಲು ತಿಂಗಳುಗಟ್ಟಲೆ ಹಿಡಿದಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಹುಡುಗಿ ಬರುತ್ತಾಳೆ. ಹಗ್ಗ ಹಿಡಿಯದೆ, ಸೀದಾ ತನ್ನ ಮೇಜಿಗೆ. ಅವಳನ್ನು ಇಲ್ಲಿ ವಕೀಲಮ್ಮ ಎಂದು ಕರೆದು ಕಿಚಾಯಿಸುತ್ತಾರೆ. ಬಗ್ಗಿ ಡಬ್ಬದ ಮೇಲೆ ಕೈಯಿಟ್ಟು, "ಅಕ್ಕಾ, ಯಾಕೆ ಸುಮ್ನಿದೆ ಇದು?" ಅನ್ನುತ್ತಾಳೆ. ಬೀಪಕ್ಕ ಸುಳ್ಳು ಹೇಳುವುದಿಲ್ಲ. ಎಲ್ಲ ಕೇಳಿಸಿಕೊಂಡ ಹುಡುಗಿಯ ಮುಖ ಬಿಳುಚಿಕೊಳ್ಳುತ್ತದೆ.

ಹೋದ ಸಲ ಇದೇ ಪರೀಕ್ಷೆಗೆ ಅವಳಿಗೆ ಬರವಣಿಗೆಯ ಸಹಾಯಕಿಯನ್ನು ಕೊಟ್ಟಿದ್ದರು. ಇವಳು ಹೇಳುವುದು, ಆಕೆ ಬರೆಯುವುದು. "ಪಾಪ, ಒಳ್ಳೆಯವಳೇ," ಅನ್ನುತ್ತಾಳೆ ಹುಡುಗಿ. "ನಾನು ಹೇಳಿದ್ದು ಉದ್ದ ಆಯ್ತು ಅಂತ ಚಿಕ್ಕದು ಮಾಡಿದ್ಲು. ಗೊತ್ತಿಲ್ಲದ ಪದ ಬಂದಾಗ ಗೊತ್ತಿರೋ ಪದ ಹಾಕಿದ್ಲು. ಫೇಲಾದೆ. ಉತ್ತರಪತ್ರಿಕೆ ತರಿಸಿ ಓದಿಸ್ಕೊಂಡ್ರೆ, ಅದು ನನ್ನ ಉತ್ತರವೇ ಅಲ್ಲ." ಆಮೇಲೆ ಅವಳು ಅರ್ಜಿ ಹಾಕಿ, ಅಲೆದು, ಜಗಳವಾಡಿ, ತಾನೇ ಟೈಪ್ ಮಾಡಿ ಬರೆಯುವ ಅನುಮತಿ ಗಿಟ್ಟಿಸಿಕೊಂಡಳು. ಆರು ಕೀಲಿಗಳನ್ನು ಬ್ರೈಲ್ ಚುಕ್ಕೆಗಳ ಹಾಗೆ ಒಟ್ಟೊಟ್ಟಿಗೆ ಒತ್ತಿ ಬರೆಯುವ ಏರ್ಪಾಡು ಇರುವುದು ಈ ಲಿನಕ್ಸಿನಲ್ಲಿ. ಪರೀಕ್ಷಾ ಮಂಡಳಿಯವರು ಬಂದು ಪರೀಕ್ಷಿಸಿ ಒಪ್ಪಿದ್ದು ಈ ಒಂದು ಯಂತ್ರವನ್ನು. ಹತ್ತಕ್ಕೆ ಇದು ಏಳದಿದ್ದರೆ ಮತ್ತೆ ಸಹಾಯಕಿಯೇ ಗತಿ.

ಬೀಪಕ್ಕ ಬೀಗದ ಕೈಗೊಂಚಲಿನಿಂದ ಪೆನ್‌ಡ್ರೈವ್ ಬಿಚ್ಚುತ್ತಾರೆ. ಅದರಲ್ಲಿರುವ ಲಿನಕ್ಸನ್ನು ತಾತ್ಕಾಲಿಕವಾಗಿ ಎಬ್ಬಿಸಿ ಡಿಸ್ಕಿನೊಳಗೆ ಹಣಕುತ್ತಾರೆ. ಹಳೆಯ ಭಾಗ ಇದೆ! ಹುಡುಗಿಯ ಟಿಪ್ಪಣಿಗಳು, ಪುಸ್ತಕಗಳು, ಎಲ್ಲ ಇವೆ. "ಇದ್ದಾರೆ ಕಣೇ, ಒಳಗೇ ಇದ್ದಾರೆ," ಎಂದು ಕೂಗುತ್ತಾರೆ. ಇನ್ನು ಹಳೆಯ ಲಿನಕ್ಸಿನೊಳಗೆ ಹೊಕ್ಕು, ಅಲ್ಲಿಂದಲೇ ಬೂಟ್‌ಲೋಡರನ್ನು ಮತ್ತೆ ಹಾಕಿದರೆ ಆಯಿತು. ಆದೇಶ ಟೈಪ್ ಮಾಡಿ ಒತ್ತುತ್ತಾರೆ. ಯಂತ್ರ ತಪ್ಪು ಅನ್ನುತ್ತದೆ. ಮತ್ತೆ ಒತ್ತುತ್ತಾರೆ. ಮತ್ತೆ ತಪ್ಪು.

ಅಷ್ಟರಲ್ಲಿ ಗ್ರಂಥಪಾಲಕರ ಆಗಮನ. ಬೀಗದ ಕೈ ಕೊಟ್ಟ ಮಹಾನುಭಾವರು ಇವರೇ. "ಏನಮ್ಮ ಇದು, ಹೊಸದಾಗಿ ಹಾಕಿದ್ದನ್ನ ಕೆಡಿಸ್ತಾ ಇದ್ದೀರಾ? ಮೇಲಿನವರು ಕೇಳಿದ್ರೆ ನಾನೇನು ಹೇಳ್ಲಿ?"

"ನಿನ್ನೆ ನನಗೊಂದು ಮಾತು ಯಾಕೆ ಹೇಳ್ಲಿಲ್ಲ ಸಾರ್?"

"ನಿಮಗೆ ಹೇಳೋದೇನಿತ್ತು? ನೀವು ಹಂಗಾಮಿ."

ಬೀಪಕ್ಕನ ದನಿ ಏರುತ್ತದೆ. "ಹೌದು ಸಾರ್, ಹಂಗಾಮಿ. ನನಗೆ ಹೇಳ್ಬೇಡಿ. ಇಲ್ಲಿ ಕೂತಿದಾಳಲ್ಲ, ಇವಳಿಗೆ ಹೇಳ್ಬೇಕಿತ್ತು. ಇವಳು ಹಂಗಾಮಿ ಅಲ್ಲ. ಇಂಥೋರಿಗೋಸ್ಕರ ಅಂತ ಬೋರ್ಡ್ ಹಾಕಿ ಕೋಣೆ ಮಾಡಿ, ಇವರಿಗೇ ತಿಳಿಸ್ದೆ ಬೀಗ ತೆಗೀತೀರಲ್ಲ, ನಾಚಿಕೆ ಆಗಲ್ವಾ? ಈಗ ಆಚೆ ಹೋಗಿ ಸಾರ್. ನಿಮ್ಮ ಜೊತೆ ಜಗಳಕ್ಕೆ ನನಗೀಗ ಪುರುಸೊತ್ತಿಲ್ಲ." ಗ್ರಂಥಪಾಲಕರು ನನ್ನ ಕಡೆ ನೋಡುತ್ತಾರೆ. ಪತ್ರಿಕೆಯವಳು ಎಂದು ಗುರುತು ಹೇಳುತ್ತೇನೆ. ಅವರಿಗೆ ಥಟ್ಟನೆ ಬೇರೆ ಕೆಲಸ ನೆನಪಾಗುತ್ತದೆ.

ತಪ್ಪು ಬೀಪಕ್ಕನದೇ ಇತ್ತು. ಡಿಸ್ಕಿನಿಂದ ಏಳಲೋ ಬೇರೆ ಕಡೆಯಿಂದಲೋ ಎಂದು ಯಂತ್ರ ಕೇಳುವ ಇನ್ನೊಂದು ಪಟ್ಟಿಯಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣುತ್ತದೆ, ಹಳೇ ಪದ್ಧತಿಯಲ್ಲಿ ಒಂದು, ಹೊಸ ಪದ್ಧತಿಯಲ್ಲಿ ಒಂದು. ಸಿಟ್ಟಿನ ಭರದಲ್ಲಿ ಹಳೆಯದನ್ನು ಆರಿಸಿದ್ದಾರೆ. ಡಿಸ್ಕಿನಲ್ಲಿರುವ ಲಿನಕ್ಸ್ ಹೊಸ ಪದ್ಧತಿಯಲ್ಲಿ ಏಳುವಂಥದ್ದು. "ಥೂ ನನ್ನ! ಕೋಪ ಬಂದಾಗ ಕೀಬೋರ್ಡ್ ಮುಟ್ಟಬಾರದು," ಎಂದು ಹಣೆ ಚಚ್ಚಿಕೊಂಡು ಮೊದಲಿನಿಂದ ಶುರು ಮಾಡುತ್ತಾರೆ. ಪರೀಕ್ಷೆಯ ಮೇಲ್ವಿಚಾರಕಿ ಬಂದು ಬಾಗಿಲಲ್ಲಿ ನಿಂತಿದ್ದಾರೆ, ಹಿಂದೆ ಬರವಣಿಗೆಗೆಂದು ಕರೆತಂದ ಸಹಾಯಕಿ. ಯಾರೂ ಗದರುತ್ತಿಲ್ಲ. ಆದರೆ ಇಬ್ಬರೂ ಗಡಿಯಾರ ನೋಡುತ್ತಿದ್ದಾರೆ. ಹುಡುಗಿ ಬೆರಳುಗಳನ್ನು ಮಡಿಲಲ್ಲಿ ಹಿಸುಕಿಕೊಳ್ಳುತ್ತಿದ್ದಾಳೆ.

ಈ ಸಲ ಯಂತ್ರ ತಕರಾರು ಮಾಡುವುದಿಲ್ಲ. ಪಟ್ಟಿಯನ್ನು ಹೊಸದಾಗಿ ಬರೆಸಿ, ಪೆನ್‌ಡ್ರೈವ್ ಕಿತ್ತು, ಆರಿಸಿ ಹೊತ್ತಿಸುತ್ತಾರೆ. ಕೆಳಗಿನಿಂದ ಮೂರು ಸ್ವರ ಕೇಳುತ್ತದೆ, ಮಕ್ಕಳ ಆಟಿಕೆಯ ಪೀಪಿಯ ಹಾಗೆ. ಹುಡುಗಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾಳೆ.

"ಅಕ್ಕಾ, ತಾಳು," ಅನ್ನುತ್ತಾಳೆ ಹುಡುಗಿ, ಕೀಲಿಗೆ ಚಾಚಿದ ಬೆರಳು ಹಿಂದೆಗೆದು. "ಪರೀಕ್ಷೆದು ಮೊದಲಿನ ಜಾಗದಲ್ಲೇ ಇದೆಯಾ? ಹೊಸಬ ಮಧ್ಯೆ ಎಲ್ಲೂ ನುಗ್ಗಿಲ್ಲ ತಾನೇ?"

ಬೀಪಕ್ಕ ಪರದೆ ನೋಡಿ ಬೆಚ್ಚುತ್ತಾರೆ. ನುಗ್ಗಿದ್ದಾನೆ. ಪಟ್ಟಿಯ ಕೊನೆಯಲ್ಲಿ ಇಂಟರ್ನೆಟ್ ಇಲ್ಲದ ಪರೀಕ್ಷೆಯ ಏರ್ಪಾಡಿಗೆ ಒಂದು ಸಾಲಿತ್ತು. ಪಟ್ಟಿ ಹೊಸದಾಗಿ ಬರೆಸಿದಾಗ ಎರಡನೇ ಸಿಸ್ಟಮ್ ತಾನಾಗಿ ಅದರ ಜಾಗಕ್ಕೆ ಬಂದು ಕೂತು, ಪರೀಕ್ಷೆಯ ಸಾಲು ಒಂದು ಮೆಟ್ಟಿಲು ಕೆಳಗಿಳಿದಿದೆ. ಹುಡುಗಿ ಬಾಯಿಪಾಠದ ಲೆಕ್ಕಕ್ಕೆ ಒತ್ತಿದ್ದರೆ ಸೀದಾ ಆ ಮಾತು ಬಾರದ ಹೊಸ ವ್ಯವಸ್ಥೆಯೊಳಗೆ ಬೀಳುತ್ತಿದ್ದಳು. ಕಣ್ಣಿದ್ದವರು ಯಾರೂ ಮಾಡದ ತಪ್ಪು, ಕಣ್ಣಿದ್ದವರಿಗೆ ಹೊಳೆಯದ ತಪ್ಪು. "ಒಳ್ಳೇ ಕೆಲಸ ಮಾಡ್ದೆ ಕೇಳಿದ್ದು," ಎಂದು ಬೀಪಕ್ಕ ಬೇರೆ ಸಿಸ್ಟಮ್‌ಗಳನ್ನು ಹುಡುಕಿ ಪಟ್ಟಿಗೆ ಸೇರಿಸುವ ಬೂಟ್‌ಲೋಡರಿನ ಚಾಳಿಯನ್ನೇ ಬಂದ್ ಮಾಡಿ ಪಟ್ಟಿ ಮತ್ತೆ ಬರೆಸುತ್ತಾರೆ. ಮತ್ತೆ ಹೊತ್ತಿಸಿದಾಗ ಮೂರು ಸ್ವರ. ಹುಡುಗಿ ತಾನೇ ಎಣಿಸಿ ಒತ್ತುತ್ತಾಳೆ. ಹೆಡ್‌ಫೋನಿನಲ್ಲಿ ಆ ಗೊಜಗೊಜ ಶುರುವಾಗುತ್ತದೆ. ಮೇಲ್ವಿಚಾರಕಿ ಪ್ರಶ್ನೆಪತ್ರಿಕೆಯ ಲಕೋಟೆ ಒಡೆಯುತ್ತಾರೆ.

ನಾವು ಹೊರಗೆ ಬಂದು ಮೆಟ್ಟಿಲ ಮೇಲೆ ಕೂರುತ್ತೇವೆ. ನನ್ನ ಸಂಪಾದಕರಿಗೆ ಅಂಕಿಸಂಖ್ಯೆ ಬೇಕು: ದಿನಕ್ಕೆ ಎಷ್ಟು ಜನ, ಎಷ್ಟು ಯಂತ್ರ, ಎಷ್ಟು ಗಂಟೆ ದುಡಿಮೆ. ಕೇಳುತ್ತೇನೆ. "ಎಣಿಸೋಕೆ ಯಾರಿಗಿದೆ ಮೇಡಂ ಪುರುಸೊತ್ತು? ಇನ್ನೂ ಮೂರು ಮೆಷಿನ್ ಮೂಕಾಗಿ ಕೂತಿವೆ," ಅನ್ನುತ್ತಾರೆ. ಇಂಥವರನ್ನು ಎಲೆಮರೆಯ ಕಾಯಿ ಎಂದು ಕರೆದು ಒಂದು ಪುಟ ಬರೆದು ಕೈ ತೊಳೆದುಕೊಳ್ಳುವುದು ನಮ್ಮ ಪತ್ರಿಕೆಯವರ ರೂಢಿ. ಮರೆಯಲ್ಲಿ ಇಟ್ಟವರು ಯಾರು ಎಂದು ಮಾತ್ರ ಕೇಳುವುದಿಲ್ಲ. ಎಲೆ ತಾನಾಗಿ ಮುಚ್ಚಿಲ್ಲ ಸ್ವಾಮಿ, ಕೈಯಾರೆ ಮುಚ್ಚಿದ್ದಾರೆ.

"ನಿಮಗೇನು ಬೇಕು?" ಎನ್ನುತ್ತೇನೆ. ಕೆಲಸ ಖಾಯಂ ಆಗಲಿ ಅನ್ನುತ್ತಾರೇನೋ ಎಂದುಕೊಂಡಿದ್ದೆ. "ಅದೂ ಬೇಕು, ಯಾರಿಗೆ ಬೇಡ?" ಎಂದು ನಕ್ಕು, "ಮುಟ್ಟೋಕೆ ಮುಂಚೆ ಒಂದ್ ಮಾತು ಕೇಳ್ಲಿ. ನನ್ನಲ್ಲ, ಇಲ್ಲಿ ಕೂರೋರನ್ನ," ಅನ್ನುತ್ತಾರೆ.

ಮಧ್ಯಾಹ್ನ ಬಾಗಿಲು ತೆರೆಯುತ್ತದೆ. ಹುಡುಗಿ ಬೆವರು ಒರೆಸಿಕೊಳ್ಳುತ್ತ ಬರುತ್ತಾಳೆ. ಬೀಪಕ್ಕ ಎದ್ದು ಅವಳ ತೋಳು ಹಿಡಿದು, "ಏನೇ, ಹೇಗಾಯ್ತೇ?" ಅನ್ನುತ್ತಾರೆ.

"ಮೂರನೇ ಪ್ರಶ್ನೆ ಕೆಟ್ಟೋಯ್ತು ಅಕ್ಕಾ."

ಬೀಪಕ್ಕನ ಮುಖ ಇಳಿಯುತ್ತದೆ. "ಮೆಷಿನ್ ಏನಾದ್ರೂ..."

"ಇಲ್ಲಪ್ಪ, ಮೆಷಿನ್ ಚೆನ್ನಾಗಿತ್ತು. ಅದನ್ನ ನಾನು ಓದಿರ್ಲಿಲ್ಲ ಅಷ್ಟೇ," ಎಂದು ಹುಡುಗಿ ನಗುತ್ತಾಳೆ. "ಈ ಸಲ ತಪ್ಪೂ ನಂದೇ ಅಕ್ಕಾ. ಒಂದೊಂದು ಅಕ್ಷರಾನೂ ನಂದೇ."